ಪ್ಲೇಸ್ಟೇಷನ್ ಬೆಲೆ ಇಳಿಯುವವರೆಗೆ ಕಾಯಬೇಕಾ?

ಶಿವಮೊಗ್ಗದ ನಮ್ಮ ಅಂಗಡಿಯಲ್ಲಿ ಪ್ಲೇಸ್ಟೇಷನ್‌ನಂಥ, ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್‌ನ ಬೆಲೆ ಹೇಳಿದ ಕೂಡಲೇ ಬರುವ ಪ್ರಶ್ನೆ ಇದು: "ಅಣ್ಣ, ಇನ್ನೊಂದು ಆರು ತಿಂಗಳು ಕಾದರೆ ಇಳಿಯುತ್ತಾ?" ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಬರುವ ಅಡಿಕೆ ಬೆಳೆಗಾರರಿಗೆ ಕಾಯುವುದು ಹೊಸದೇನಲ್ಲ. ರಾಶಿ ಅಡಿಕೆಗೆ ಒಳ್ಳೆ ಧಾರಣೆ ಬರಲಿ ಅಂತ ಮಾಲನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ಅಭ್ಯಾಸವಿದೆ. ಆದರೆ ಅಡಿಕೆ ಧಾರಣೆ ಮಂಡಿಯ ವ್ಯಾಪಾರದಲ್ಲಿ ದಿನದಿನಕ್ಕೂ ಏರಿಳಿಯುತ್ತದೆ. ಕನ್ಸೋಲ್ ಬೆಲೆಯನ್ನು ಒಂದೇ ಕಂಪನಿ ನಿಗದಿ ಮಾಡುತ್ತದೆ, ವರ್ಷಗಟ್ಟಲೆ ಮುಟ್ಟದೆಯೂ ಇರಬಹುದು. ಅದರ ಲೆಕ್ಕ ಹಾಕಬೇಕಾದರೆ ಆ ಕಂಪನಿಗೆ ಒಂದು ಪೆಟ್ಟಿಗೆ ತಯಾರಿಸಲು ಆಗುವ ಖರ್ಚಿನ ಕಡೆ ನೋಡಬೇಕು.

ಹಿಂದೆ ಈ ಲೆಕ್ಕ ಸುಲಭವಿತ್ತು. ಅಮೆರಿಕದಲ್ಲಿ ಪ್ಲೇಸ್ಟೇಷನ್ 2 ಬಂದದ್ದು 2000ದ ಅಕ್ಟೋಬರ್‌ನಲ್ಲಿ, 299 ಡಾಲರ್‌ಗೆ. 2002ರ ಮೇ ತಿಂಗಳಲ್ಲಿ 199 ಆಯಿತು. 2009ರಲ್ಲಿ 99ಕ್ಕೆ ಬಂತು. ಪ್ಲೇಸ್ಟೇಷನ್ 3ರ ದೊಡ್ಡ ಮಾದರಿ 2006ರಲ್ಲಿ 599 ಡಾಲರ್ ಇತ್ತು. 2009ರ ಸ್ಲಿಮ್ (ತೆಳುವಾದ) ಮಾದರಿಗೆ 299. ಪ್ಲೇಸ್ಟೇಷನ್ 4 ಕೂಡ 2013ರ 399ರಿಂದ ಮೂರು ವರ್ಷದಲ್ಲಿ 299ಕ್ಕೆ ಇಳಿಯಿತು. ಅಂದರೆ ಎರಡು–ಮೂರು ವರ್ಷ ಕಾಯಿರಿ, ಸ್ಲಿಮ್ ಬರುತ್ತದೆ, ಆಗ ತಗೊಳ್ಳಿ ಅಂತ ಧೈರ್ಯವಾಗಿ ಹೇಳಬಹುದಿತ್ತು.

ಅದಕ್ಕೆ ಕಾರಣ ಚಿಪ್. ಕನ್ಸೋಲ್ ಒಳಗಿನ ಚಿಪ್‌ಗಳನ್ನು ಸಿಲಿಕಾನ್‌ನ ದುಂಡನೆಯ ಬಿಲ್ಲೆಗಳ ಮೇಲೆ ತಯಾರಿಸುತ್ತಾರೆ. ಚಿಪ್ ಚಿಕ್ಕದಾದಷ್ಟೂ ಒಂದೇ ಬಿಲ್ಲೆಯಿಂದ ಜಾಸ್ತಿ ಚಿಪ್ ಸಿಗುತ್ತವೆ. ಪ್ಲೇಸ್ಟೇಷನ್ 3ರ ಮುಖ್ಯ ಚಿಪ್ 90 ನ್ಯಾನೋಮೀಟರ್ ತಂತ್ರದಲ್ಲಿ (ಈ ಸಂಖ್ಯೆ ಇಳಿದಷ್ಟೂ ಚಿಪ್ ಚಿಕ್ಕದು) ಶುರುವಾಗಿ ಸ್ಲಿಮ್ ಹೊತ್ತಿಗೆ 45ಕ್ಕೆ ಬಂದಿತ್ತು. ಚಿಕ್ಕ ಚಿಪ್ ಕಡಿಮೆ ಕರೆಂಟ್ ಎಳೆಯುತ್ತದೆ, ಕಡಿಮೆ ಬಿಸಿಯಾಗುತ್ತದೆ. ಆಗ ಫ್ಯಾನು ಚಿಕ್ಕದು ಸಾಕು, ಪವರ್ ಸಪ್ಲೈ ಚಿಕ್ಕದು ಸಾಕು, ಪೆಟ್ಟಿಗೆ ಹಗುರ, ಹಡಗಿನ ಬಾಡಿಗೆಯೂ ಕಡಿಮೆ. ಉಳಿದ ದುಡ್ಡಿನಲ್ಲಿ ಒಂದು ಪಾಲು ಬೆಲೆ ಇಳಿಕೆಯಾಗಿ ನಮ್ಮ ಕೈಗೆ ಬರುತ್ತಿತ್ತು.

ಈಗ ಆ ದಾರಿ ಹೆಚ್ಚುಕಮ್ಮಿ ಮುಚ್ಚಿದೆ. ಪ್ಲೇಸ್ಟೇಷನ್ 5ರ ಚಿಪ್ 7 ನ್ಯಾನೋಮೀಟರ್‌ನಿಂದ 2022ರಲ್ಲಿ 6ಕ್ಕೆ ಬಂತು. ಆದರೆ ಹೊಸ ತಂತ್ರದ ಸಿಲಿಕಾನ್ ಬಿಲ್ಲೆಯೇ ತುಟ್ಟಿ. ಚಿಪ್ ಚಿಕ್ಕದಾದರೂ ಮೊದಲಿನಷ್ಟು ಉಳಿತಾಯ ಆಗುತ್ತಿಲ್ಲ. ಅದೇ ವರ್ಷ ಪ್ಲೇಸ್ಟೇಷನ್ ತಯಾರಿಸುವ ಸೋನಿ ಹಲವು ದೇಶಗಳಲ್ಲಿ ಬೆಲೆ ಏರಿಸಿತು. ಭಾರತದಲ್ಲಿ 2021ರ ಫೆಬ್ರವರಿಯಲ್ಲಿ 49,990 ರೂಪಾಯಿಗೆ ಬಂದ ಡಿಸ್ಕ್ ಮಾದರಿ 2022ರ ನವೆಂಬರ್‌ನಲ್ಲಿ 54,990 ಆಯಿತು. 2025ರಲ್ಲಿ ಅಮೆರಿಕದಲ್ಲೇ ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್, ಹಳೆಯ ನಿಂಟೆಂಡೊ ಸ್ವಿಚ್ ಮೂರೂ ಕನ್ಸೋಲ್ ತುಟ್ಟಿಯಾದವು. ಎಂಟು ವರ್ಷ ಹಳೆಯ ಸ್ವಿಚ್ ಬೆಲೆ ಏರುವುದನ್ನು ನಮ್ಮ ವ್ಯಾಪಾರದಲ್ಲಿ ಯಾರೂ ಊಹಿಸಿರಲಿಲ್ಲ. 2025ರ ಕೊನೆಗೆ ಮೆಮೊರಿ ಚಿಪ್‌ಗಳ ಬೆಲೆಯೂ ಜೋರಾಗಿ ಏರಿತು. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಬೇಕು, ಕನ್ಸೋಲ್‌ಗೂ ಮೆಮೊರಿ ಬೇಕು. ಇಬ್ಬರೂ ಹೋಗುವುದು ಅವೇ ಕೆಲವು ಕಾರ್ಖಾನೆಗಳಿಗೆ.

ನಮಗೆ ಇದರ ಮೇಲೆ ರೂಪಾಯಿ ಲೆಕ್ಕ ಬೇರೆ. 2021ರ ಫೆಬ್ರವರಿಯಲ್ಲಿ ಡಾಲರ್ ಸುಮಾರು 73 ರೂಪಾಯಿ ಇತ್ತು. 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಅಮೆರಿಕದಲ್ಲಿ ಪ್ಲೇಸ್ಟೇಷನ್ 5 ಬಂದಾಗಿನ ಬೆಲೆ 499 ಡಾಲರ್ ಅಂದರೆ ಆಗ ಸುಮಾರು 36,400 ರೂಪಾಯಿ, 90ರ ಲೆಕ್ಕದಲ್ಲಿ 44,900. ಆಮದು ಸುಂಕ, ಜಿಎಸ್‌ಟಿ ಸೇರುವ ಮೊದಲೇ 8,500 ರೂಪಾಯಿ ಜಾಸ್ತಿ. ತೆರಿಗೆ ಇಳಿದರೆ ಬೆಲೆ ಇಳಿಯಬಹುದು ಅನ್ನುವವರಿದ್ದಾರೆ. ಕನ್ಸೋಲ್ ಮೇಲಿನ ಜಿಎಸ್‌ಟಿಯನ್ನು 28ರಿಂದ ಶೇ. 18ಕ್ಕೆ ಇಳಿಸುವ ತೀರ್ಮಾನ 2018ರ ಡಿಸೆಂಬರ್‌ನಲ್ಲೇ ಆಗಿದೆ. ಆ ಕಡೆಯಿಂದ ಮತ್ತೆ ದೊಡ್ಡ ಇಳಿಕೆಯನ್ನು ನಾನಂತೂ ನಿರೀಕ್ಷಿಸುವುದಿಲ್ಲ.

ಹಾಗಾದರೆ ಕಾಯಲೇಬಾರದಾ? ಕಾಯಬಹುದು. ಆದರೆ ಕಾಯಬೇಕಾದ್ದು ಆಫರ್‌ಗೆ. ಎಂಆರ್‌ಪಿ ಇಳಿಕೆ ಬೇರೆ, ಎರಡು ವಾರದ ಆಫರ್ ಬೇರೆ. ಮೊದಲನೆಯದನ್ನು ಈಗ ಹೇಳುವುದು ಕಷ್ಟ. ಎರಡನೆಯದನ್ನು ಸಾಕಷ್ಟು ನಂಬಿಕೆಯಿಂದ ಹೇಳಬಹುದು. ಬೇಸಿಗೆ ರಜೆ, ದಸರಾ–ದೀಪಾವಳಿ, ನವೆಂಬರ್ ಕೊನೆಯ ಬ್ಲ್ಯಾಕ್ ಫ್ರೈಡೇ, ಈ ಮೂರು ಹೊತ್ತಿನ ಮೇಲೆ ಕಣ್ಣಿಡಿ. ಕಂಪನಿಯೇ ಕೊಡುವ ಆಫರ್ ಆದರೆ ಬೆಲೆ ಸಾಮಾನ್ಯವಾಗಿ ಆನ್‌ಲೈನ್‌ನಲ್ಲೂ ಡೀಲರ್ ಅಂಗಡಿಯಲ್ಲೂ ಒಂದೇ. ಬೆಂಗಳೂರಿಗೆ ಹೋಗಿ ತರುವ ಅಗತ್ಯವಿಲ್ಲ.

ಹಬ್ಬವಿಲ್ಲದ ಹೊತ್ತಿನಲ್ಲಿ ದೊಡ್ಡ ಆಫರ್ ಬಂದರೆ ಅದರ ಅರ್ಥ ಬೇರೆ. 2023ರ ಜುಲೈ 25ರಿಂದ ಎರಡು ವಾರ ಭಾರತದಲ್ಲಿ ಪ್ಲೇಸ್ಟೇಷನ್ 5ಕ್ಕೆ 7,500 ರೂಪಾಯಿ ಕಡಿಮೆ ಮಾಡಿದರು. ಬೆಲೆ 47,490 ಆಯಿತು. ಸುಮಾರು ಅದೇ ಹೊತ್ತಿಗೆ ಅಮೆರಿಕದಲ್ಲೂ 50 ಡಾಲರ್ ಇಳಿಸಿದ್ದರು. ಅಕ್ಟೋಬರ್ 10ಕ್ಕೆ ಸ್ಲಿಮ್ ಮಾದರಿ ಪ್ರಕಟವಾಯಿತು. ಗೋದಾಮಿನ ಹಳೆ ಮಾಲು ಖಾಲಿಯಾಗಬೇಕಿತ್ತು ಅನ್ನುವುದು ನನ್ನ ಓದು. ಸ್ಲಿಮ್ ಭಾರತಕ್ಕೆ ಬಂದದ್ದು 2024ರ ಏಪ್ರಿಲ್ 5ಕ್ಕೆ, ಅದೇ 54,990ಕ್ಕೆ. ಹೊಸ ಮಾದರಿ ಬಂದಾಗ ಅಗ್ಗವಾಗುತ್ತದೆ ಅಂತ ಕಾದವರು 7,500 ಕಳೆದುಕೊಂಡರು. ಜುಲೈನಲ್ಲಿ ಹಳೆಯದನ್ನೇ ತಗೊಂಡವರು ಆಡುವ ಆಟಗಳು ಹೊಸದರಲ್ಲೂ ಅವೇ.

ಮಲೆನಾಡಿನಲ್ಲಿ ಒಂದು ತೊಡಕಿದೆ. ದಸರಾ–ದೀಪಾವಳಿ ಆಫರ್ ಬರುವಾಗ ಕೊಯ್ಲು ಇನ್ನೂ ಶುರುವಿನಲ್ಲಿರುತ್ತದೆ. ಅಡಿಕೆ ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿ ಕೈಗೆ ದುಡ್ಡು ಬರುವ ಹೊತ್ತಿಗೆ ಆಫರ್ ಮುಗಿದಿರುತ್ತದೆ. ಅಂಥ ಮನೆಯವರಿಗೆ ನಾನು ಹೇಳುವುದು ಬೇಸಿಗೆ ಆಫರ್‌ಗೆ ಕಾಯಿರಿ ಅಂತ. ಆಗ ಕೈಯಲ್ಲಿ ಹಣವೂ ಇರುತ್ತದೆ, ಮಕ್ಕಳಿಗೆ ರಜೆಯೂ ಇರುತ್ತದೆ. ಬಡ್ಡಿಯಿಲ್ಲದ ಇಎಂಐ ಅಂತ ಅಕ್ಟೋಬರ್‌ನಲ್ಲೇ ತಗೊಳ್ಳುವವರು ಪ್ರೊಸೆಸಿಂಗ್ ಫೀಸ್ ಎಷ್ಟು, ಬಡ್ಡಿಯ ಮೇಲಿನ ಜಿಎಸ್‌ಟಿ ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ.

ಇನ್ನು ಡಿಸ್ಕ್ ಮಾದರಿಯೋ, ಡಿಸ್ಕ್ ಇಲ್ಲದೆ ಆಟವನ್ನು ನೆಟ್‌ನಿಂದಲೇ ಇಳಿಸಿಕೊಳ್ಳುವ ಡಿಜಿಟಲ್ಲೋ? ಪ್ಲೇಸ್ಟೇಷನ್ 5 ನಮ್ಮಲ್ಲಿಗೆ ಬಂದಾಗ ಎರಡಕ್ಕೂ 10,000 ರೂಪಾಯಿ ವ್ಯತ್ಯಾಸವಿತ್ತು. ಆ ಉಳಿತಾಯ ನೋಡಿ ಡಿಜಿಟಲ್ ತಗೊಂಡರೆ ಹಳ್ಳಿಯಲ್ಲಿ ಕಷ್ಟ. ಒಂದೊಂದು ದೊಡ್ಡ ಆಟ 100 ಜಿಬಿ ಮುಟ್ಟುತ್ತದೆ. ಮಳೆಗಾಲದಲ್ಲಿ ಕರೆಂಟ್, ನೆಟ್ ಎರಡೂ ಕೈಕೊಡುವ ಊರಿನಲ್ಲಿ ಅದನ್ನು ಇಳಿಸಿಕೊಳ್ಳಲು ದಿನಗಳೇ ಬೇಕು. ಡಿಸ್ಕ್ ಇದ್ದರೆ ಆಡಿ ಮುಗಿಸಿ ಮಾರಬಹುದು, ಸ್ನೇಹಿತರ ಜೊತೆ ಬದಲಾಯಿಸಿಕೊಳ್ಳಬಹುದು. ಹೊಸ ಆಟವೊಂದಕ್ಕೆ ನಾಲ್ಕೈದು ಸಾವಿರ ಇರುವಾಗ, ನಾಲ್ಕಾರು ಡಿಸ್ಕ್ ಕೈಬದಲಾದರೆ ಆ ಹತ್ತು ಸಾವಿರ ವಾಪಸ್ ಬಂದ ಹಾಗೆ. ಕನ್ಸೋಲ್ ಬೆಲೆ ಎರಡು ಸಾವಿರ ಇಳಿಯಲಿ ಅಂತ ವರ್ಷ ಕಾಯುವವರು ಈ ಲೆಕ್ಕವನ್ನೂ ಹಾಕಿ ನೋಡಿ, ಆಮೇಲೆ ಅಂಗಡಿಗೆ ಬನ್ನಿ.