ಕೊನೆಯ ಸಾಲಿಗೆ ಎರಡು ಕೆಲಸ

ವಿಮ್ ಎಂಬ ಪಠ್ಯ ಎಡಿಟರಿನ ಪರದೆಯ ತಳದಲ್ಲಿ, ಕಮಾಂಡ್ ಹೊಡೆಯಲೆಂದು ಇರುವ ಸಾಲಿನ ಎತ್ತರ ಒಂದಿರಬೇಕೋ, ಎರಡೋ, ಸೊನ್ನೆಯೋ? ಇಷ್ಟು ಚಿಕ್ಕ ಪ್ರಶ್ನೆಯ ಸುತ್ತ ಇಷ್ಟೊಂದು ಸೆಟ್ಟಿಂಗ್ ಹುಟ್ಟಿಕೊಂಡದ್ದು ಹೇಗೆಂದು ತಿಳಿಯಲು 1969ರ 'ಎಡ್' ಎಂಬ ಎಡಿಟರಿಗೆ ಹೋಗಬೇಕು.

ಕೆನ್ ಥಾಂಪ್ಸನ್ ಬರೆದ ಎಡ್‌ಗೆ ಪರದೆಯೇ ಬೇಕಿರಲಿಲ್ಲ. ಟೆಲಿಪ್ರಿಂಟರಿನಲ್ಲಿ ಕಮಾಂಡ್ ಹೊಡೆದು ತಪ್ಪಿದರೆ, ಕಾಗದದ ಮೇಲೆ ಒಂದು ? ಮುದ್ರಿಸಿ ಸುಮ್ಮನಾಗುತ್ತಿತ್ತು. ಎಪ್ಪತ್ತರ ದಶಕದಲ್ಲಿ ಬಿಲ್ ಜಾಯ್, ಎಡ್‌ನಂತೆಯೇ ಸಾಲುಗಳ ಲೆಕ್ಕದಲ್ಲಿ ಕೆಲಸ ಮಾಡುವ 'ಎಕ್ಸ್' ಎಡಿಟರ್ ಬರೆದು, ಅದಕ್ಕೆ 'ವಿಐ' ಎಂಬ ಪರದೆಯ ರೂಪ ಕೊಟ್ಟರು. ಪಠ್ಯ ಪರದೆಯನ್ನೆಲ್ಲ ಆವರಿಸಿತು, ಕಮಾಂಡಿಗೆ ಉಳಿದದ್ದು ಕೊನೆಯ ಸಾಲು. ಎಡಿಟರ್ ತಾನು ಹೇಳಬೇಕಾದ್ದನ್ನೂ ಅಲ್ಲೇ ಹೇಳತೊಡಗಿತು. ಗೋಜಲಿನ ಬೇರು ಇದೇ.

ವಿಐ ಮಾದರಿಯಲ್ಲೇ 1991ರಲ್ಲಿ ಹೊರಬಂದ ವಿಮ್ ಈ ಏರ್ಪಾಡನ್ನು ಹಾಗೇ ಉಳಿಸಿಕೊಂಡಿತು. ಸಂದೇಶ ಆ ಸಾಲಿನಲ್ಲಿ ಹಿಡಿಸದಿದ್ದರೆ 'ಎಂಟರ್ ಒತ್ತಿ' ಎಂದು ಕೆಲಸ ನಿಲ್ಲಿಸಿಬಿಡುತ್ತದೆ. ಆ ಸಾಲಿನ ಎತ್ತರ ನಿರ್ಧರಿಸುವ 'ಸಿಎಂಡಿಹೈಟ್' ಸೆಟ್ಟಿಂಗ್ ಅನ್ನು 2 ಮಾಡಿದರೆ ಈ ಕಾಟ ಬಹುಪಾಲು ತಪ್ಪುತ್ತದೆ. 'ಶಾರ್ಟ್‌ಮೆಸ್' ಎಂಬ ಇನ್ನೊಂದು ಸೆಟ್ಟಿಂಗ್ ಸಂದೇಶಗಳನ್ನೇ ಮೊಟಕು ಮಾಡುತ್ತದೆ.

ಇನ್ನೊಂದು ತೊಡಕು 2016ರ ವಿಮ್ 8.0 ಆವೃತ್ತಿಯದು. ಸ್ವಂತ ವಿಮ್‌ಆರ್‌ಸಿ (ಸೆಟ್ಟಿಂಗ್ ಬರೆದಿಡುವ ಕಡತ) ಇಲ್ಲದವರಿಗೆ 'ಡಿಫಾಲ್ಟ್ಸ್.ವಿಮ್' ಎಂಬ ಸಿದ್ಧ ಸೆಟ್ಟಿಂಗ್ ಕಡತ ತಾನಾಗಿ ಲೋಡ್ ಆಗಿ, ಕಮಾಂಡ್ ಹಿಸ್ಟರಿಯನ್ನು (ನೆನಪಿಡುವ ಹಳೆಯ ಕಮಾಂಡುಗಳ ಸಂಖ್ಯೆಯನ್ನು) 200ಕ್ಕೆ ಏರಿಸಿ, ಟ್ಯಾಬ್ ಒತ್ತಿದಾಗ ಆಯ್ಕೆಗಳ ಪಟ್ಟಿ ತೋರಿಸುವ 'ವೈಲ್ಡ್‌ಮೆನು'ವನ್ನೂ ಕೊಟ್ಟಿತು. ಖಾಲಿ ವಿಮ್‌ಆರ್‌ಸಿ ಇಟ್ಟರೂ ಸಾಕು, ಆ ಸಿದ್ಧ ಕಡತ ಲೋಡ್ ಆಗುವುದಿಲ್ಲ: ಆ ಆವೃತ್ತಿಯಲ್ಲಿ ಹಿಸ್ಟರಿ 50ಕ್ಕೆ ಇಳಿಯುತ್ತಿತ್ತು, ಪಟ್ಟಿ ಮಾಯವಾಗುತ್ತಿತ್ತು. ಸೆಟ್ಟಿಂಗ್ ಸೇರಿಸಲು ಹೋದವರಿಗೆ ಇದ್ದದ್ದೂ ಹೋಯಿತು. ವಿಮ್‌ಆರ್‌ಸಿಯ ಮೊದಲಲ್ಲೇ 'ಸೋರ್ಸ್' ಕಮಾಂಡಿನಿಂದ ಡಿಫಾಲ್ಟ್ಸ್.ವಿಮ್ ಅನ್ನು ಓದಿಸಿಕೊಂಡರೆ ಎಲ್ಲ ಮರಳುತ್ತದೆ.

ಎಕ್ಸ್‌ನ ಹಳೆಯ ಸ್ವಭಾವವೂ ಆಗಾಗ ಇಣುಕುತ್ತದೆ. ನಾಲ್ಕು ಸಾಲು ಆಯ್ದು ಕೋಲನ್ ಒತ್ತಿದರೆ '<,'> ತಾನಾಗಿ ಮೂಡುತ್ತದೆ; 'ಆಯ್ದ ಸಾಲುಗಳಿಗೆ ಮಾತ್ರ' ಎಂದು ಅದರ ಅರ್ಥ. ಅದನ್ನು ಗಮನಿಸದೆ ಸೇವ್ ಮಾಡಲು ಡಬ್ಲ್ಯು ಹೊಡೆದರೆ ಸಿಗುವುದು ಇ140 ದೋಷ, ಏಕೆಂದರೆ ನೀವು ಕೇಳಿದ್ದು ಆ ನಾಲ್ಕೇ ಸಾಲುಗಳನ್ನು ಬರೆಯಲು. ಎಚ್ಚರಿಕೆಯನ್ನು ಮೀರಿಸಲು ! ಸೇರಿಸಿದಿರೋ, ಕಡತದಲ್ಲಿ ಉಳಿಯುವುದೂ ಆ ನಾಲ್ಕೇ. ಮೊದಲು ಕಂಟ್ರೋಲ್-ಯು ಒತ್ತಿ ಅದನ್ನು ಅಳಿಸಬೇಕು. ಕಮಾಂಡ್ ಉದ್ದವಾದರೆ ಕಂಟ್ರೋಲ್-ಎಫ್ ಒತ್ತಿ; ಹಿಸ್ಟರಿಯೆಲ್ಲ ಒಂದು ಕಿಟಕಿಯಲ್ಲಿ ತೆರೆದು, ಮಾಮೂಲಿ ಪಠ್ಯದಂತೆ ತಿದ್ದಲು ಸಿಗುತ್ತದೆ. ಇಷ್ಟು ಒಳ್ಳೆಯ ಸೌಲಭ್ಯ ಬಹಳ ಜನರ ಕಣ್ಣಿಗೆ ಬೀಳುವುದು ಎಡಿಟರಿನಿಂದ ಹೊರಬರುವ ಕೋಲನ್-ಕ್ಯೂ ಬದಲು ಕ್ಯೂ-ಕೋಲನ್ ಹೊಡೆದಾಗಲೇ, ಅದೂ ಪೀಡೆಯಾಗಿ!

2022ರಲ್ಲಿ, ವಿಮ್‌ನಿಂದ ಕವಲೊಡೆದ ನಿಯೋವಿಮ್‌ನ 0.8 ಆವೃತ್ತಿ ಕಮಾಂಡ್ ಸಾಲಿನ ಎತ್ತರವನ್ನು 0ಗೆ ಇಳಿಸಲು ಬಿಟ್ಟಿತು, ಪ್ರಯೋಗದ ಮಟ್ಟಿಗೆ. ಸಾಲು ಕಣ್ಮರೆಯಾಗಿ ಪಠ್ಯಕ್ಕೆ ಒಂದು ಸಾಲು ಹೆಚ್ಚಿಗೆ ಸಿಕ್ಕಿತು. ಆದರೆ ಸಂದೇಶಗಳಿಗೆ ಇದ್ದೊಂದು ಜಾಗವೂ ಹೋಗಿ, 'ಎಂಟರ್ ಒತ್ತಿ' ಮೊದಲಿಗಿಂತ ಹೆಚ್ಚಾಗಿ ಎದುರಾಗತೊಡಗಿತು.