ಲೂಪಸ್ ಹೆಂಗಸರನ್ನೇ ಏಕೆ ಹೆಚ್ಚು ಕಾಡುತ್ತದೆ?

ಲೂಪಸ್ ಕಾಯಿಲೆಗೆ ತುತ್ತಾದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಅವರಲ್ಲೂ ಹೆಚ್ಚಿನವರು 15ರಿಂದ 45ರೊಳಗಿನ ವಯಸ್ಸಿನವರು. ಕೆನ್ನೆಗಳ ಮೇಲೆ ಚಿಟ್ಟೆಯಾಕಾರದ ಕೆಂಪು ದದ್ದು, ಕೀಲುನೋವು, ಎಷ್ಟು ಮಲಗಿದರೂ ಹೋಗದ ದಣಿವು, ಕೆಲವರಲ್ಲಿ ಮೂತ್ರಪಿಂಡದ ಹಾನಿ, ಇವೆಲ್ಲಕ್ಕೂ ಮೂಲ ಒಂದೇ: ಸೋಂಕನ್ನು ಎದುರಿಸಬೇಕಾದ ಪ್ರತಿಕಾಯಗಳು ದೇಹದ ಸ್ವಂತ ಜೀವಕೋಶಗಳ ಮೇಲೆ ತಿರುಗಿಬೀಳುವುದು. ಇಂಥ ಸ್ವಯಂನಿರೋಧಕ ಕಾಯಿಲೆಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದರೆ ಐವರು ರೋಗಿಗಳಲ್ಲಿ ನಾಲ್ವರು ಮಹಿಳೆಯರು. ಎಲ್ಲ ಕಾಯಿಲೆಗಳಲ್ಲೂ ಅಂತರ ಇಷ್ಟೇ ಇರುವುದಿಲ್ಲ. ರುಮಟಾಯ್ಡ್ ಸಂಧಿವಾತದಲ್ಲಿ ಅದು ಎರಡು ಮೂರು ಪಟ್ಟಿನಷ್ಟು. ಟೈಪ್ 1 ಮಧುಮೇಹದಲ್ಲಿ ಇಲ್ಲವೆಂದೇ ಹೇಳಬೇಕು.

ಇದಕ್ಕೆ ಬಹುಕಾಲ ಸಿಗುತ್ತಿದ್ದ ಉತ್ತರ ಹಾರ್ಮೋನು. ಅದರಲ್ಲಿ ಹುರುಳಿಲ್ಲದೆ ಇಲ್ಲ. ಈಸ್ಟ್ರೋಜನ್ ಪ್ರತಿಕಾಯಗಳ ಉತ್ಪಾದನೆಯನ್ನು ಉತ್ತೇಜಿಸುತ್ತದೆ, ಟೆಸ್ಟೋಸ್ಟೆರೋನ್ ಬಹುಮಟ್ಟಿಗೆ ತಗ್ಗಿಸುತ್ತದೆ. ಮೈನೆರೆಯುವ ಮುನ್ನ ಲೂಪಸ್‌ನಲ್ಲಿ ಹುಡುಗ ಹುಡುಗಿಯರ ನಡುವಿನ ಅಂತರ ಅಷ್ಟು ದೊಡ್ಡದಲ್ಲ. ರುಮಟಾಯ್ಡ್ ಸಂಧಿವಾತವಿರುವ ಅನೇಕ ಹೆಂಗಸರಿಗೆ ಬಸಿರಿನಲ್ಲಿ ನೋವು ಇಳಿದು, ಹೆರಿಗೆಯಾದ ಕೆಲವು ತಿಂಗಳಲ್ಲಿ ಮತ್ತೆ ಕೆರಳುತ್ತದೆ. ಆದರೂ ಹೆಂಗಸರ ಯಾವ ತೊಂದರೆಗೂ ಹಾರ್ಮೋನಿನ ಕಡೆ ಬೆರಳು ತೋರಿಸಿ ಸುಮ್ಮನಾಗುವ ರೂಢಿ ವೈದ್ಯಕೀಯದಲ್ಲಿ ಹಳೆಯದು, ಇಲ್ಲಿಯೂ ಅದು ಹುಡುಕಾಟವನ್ನು ಅರ್ಧದಾರಿಯಲ್ಲೇ ನಿಲ್ಲಿಸಿತ್ತು ಎಂದು ನನಗನಿಸುತ್ತದೆ.

ಈ ಉತ್ತರ ಸಾಲದು ಎಂಬುದು ಗೊತ್ತಾದದ್ದು ಅಪರೂಪದ ಕೆಲವು ದೇಹಸ್ಥಿತಿಗಳಿಂದ. ಜೀನ್‌ಗಳನ್ನು ಹೊತ್ತ ವರ್ಣತಂತುಗಳಲ್ಲಿ ಹೆಂಗಸರಿಗೆ ಸಾಮಾನ್ಯವಾಗಿ ಎರಡು ಎಕ್ಸ್, ಗಂಡಸರಿಗೆ ಒಂದು ಎಕ್ಸ್, ಒಂದು ವೈ ಇರುತ್ತವೆ. ಕ್ಲೈನ್‌ಫೆಲ್ಟರ್ ಸಿಂಡ್ರೋಮ್ ಇರುವ ಗಂಡಸರಲ್ಲಿ ಮಾತ್ರ ಇನ್ನೊಂದು ಎಕ್ಸ್ ಹೆಚ್ಚಿಗೆ ಇರುತ್ತದೆ, ಅವರಿಗೆ ಲೂಪಸ್ ಬರುವ ಸಂಭವ ಉಳಿದ ಗಂಡಸರಿಗಿಂತ ಸುಮಾರು 14 ಪಟ್ಟು ಹೆಚ್ಚು, ಅಂದರೆ ಹೆಚ್ಚುಕಡಿಮೆ ಹೆಂಗಸರಷ್ಟೇ. ಅವರಲ್ಲಿ ಟೆಸ್ಟೋಸ್ಟೆರೋನ್ ಕಡಿಮೆಯಿರುವುದರಿಂದ ಹಾರ್ಮೋನಿನ ವಾದ ಇನ್ನೂ ಉಳಿದೀತು. ಆದರೆ ಮೂರು ಎಕ್ಸ್ ಇರುವ ಹೆಂಗಸರಲ್ಲಿ ಲೂಪಸ್ ಇತರ ಹೆಂಗಸರಿಗಿಂತಲೂ ಹೆಚ್ಚು, ಒಂದೇ ಎಕ್ಸ್ ಇರುವ ಟರ್ನರ್ ಸಿಂಡ್ರೋಮಿನ ಹೆಂಗಸರಲ್ಲಿ ಅದು ತೀರ ವಿರಳ. ಎಕ್ಸ್‌ಗಳ ಸಂಖ್ಯೆ ಏರಿದಂತೆ ಅಪಾಯವೂ ಏರುತ್ತದೆ.

ಎರಡು ಎಕ್ಸ್‌ಗಳೂ ಪೂರ್ತಿಯಾಗಿ ದುಡಿದರೆ ಅವುಗಳ ಜೀನ್‌ಗಳಿಂದ ತಯಾರಾಗುವ ಪ್ರೊಟೀನುಗಳ ಪ್ರಮಾಣ ದುಪ್ಪಟ್ಟಾಗುತ್ತದೆ. ಆದ್ದರಿಂದ ಹೆಣ್ಣು ಭ್ರೂಣದ ಪ್ರತಿ ಜೀವಕೋಶವೂ ಬಹಳ ಮೊದಲೇ ಒಂದು ಎಕ್ಸ್‌ನ ಬಾಯಿ ಮುಚ್ಚಿಸುತ್ತದೆ ಎಂದು ಬ್ರಿಟನ್ನಿನ ತಳಿವಿಜ್ಞಾನಿ ಮೇರಿ ಲಯನ್ 1961ರಲ್ಲಿ ಪ್ರತಿಪಾದಿಸಿದರು. ಬಿಳಿ, ಕಪ್ಪು, ಕಿತ್ತಳೆ ಮೂರೂ ಬಣ್ಣವಿರುವ ಬೆಕ್ಕು ಬಹುಪಾಲು ಹೆಣ್ಣೇ ಆಗಿರುವುದಕ್ಕೆ ಕಾರಣವೂ ಇದೇ. ಕಪ್ಪೋ ಕಿತ್ತಳೆಯೋ ಎಂದು ನಿರ್ಧರಿಸುವ ಜೀನ್ ಎಕ್ಸ್ ಮೇಲಿದೆ, ಅದರ ಮೈಯ ಒಂದೊಂದು ತೇಪೆಯಲ್ಲಿ ಸುಮ್ಮನಾಗಿರುವ ಎಕ್ಸ್ ಬೇರೆ ಬೇರೆ. ಮುಚ್ಚಿಸುವ ಈ ಕೆಲಸ ಸಂಪೂರ್ಣವಲ್ಲ. ಎಕ್ಸ್ ಮೇಲಿರುವ, ವೈರಸ್ಸಿನ ಆರ್‌ಎನ್‌ಎ ಪತ್ತೆಹಚ್ಚುವ ಟಿಎಲ್‌ಆರ್7 ಎಂಬ ಜೀನ್ ಕೆಲವು ರೋಗನಿರೋಧಕ ಕೋಶಗಳಲ್ಲಿ ತಪ್ಪಿಸಿಕೊಂಡು ಎರಡೂ ಎಕ್ಸ್‌ಗಳಿಂದ ಕೆಲಸ ಮಾಡುತ್ತದೆ, ಆ ಕೋಶಗಳು ಬೇಗ ಕೆರಳುತ್ತವೆ.

ಇನ್ನೂ ಕುತೂಹಲದ ಸಂಗತಿಯೆಂದರೆ, ಮುಚ್ಚಿಸುವ ಸಾಧನವೇ ತಂಟೆಗೆ ಕಾರಣವಾಗಬಲ್ಲದು. ಎಕ್ಸಿಸ್ಟ್ ಎಂಬ ಉದ್ದನೆಯ ಆರ್‌ಎನ್‌ಎ ಸಾಮಾನ್ಯವಾಗಿ ಹೆಣ್ಣು ಜೀವಕೋಶಗಳಲ್ಲಿ ಮಾತ್ರ ತಯಾರಾಗಿ, ಒಂದು ಎಕ್ಸ್‌ಗೆ ಕಂಬಳಿ ಹೊದಿಸಿದಂತೆ ಸುತ್ತಿಕೊಳ್ಳುತ್ತದೆ. ಹತ್ತಾರು ಪ್ರೊಟೀನುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಜೀವಕೋಶ ಸತ್ತು ಒಡೆದಾಗ ಈ ಗಂಟು ಹೊರಬಿದ್ದು, ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹೊವರ್ಡ್ ಚಾಂಗ್ ಅವರ ತಂಡ 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವರ್ಣತಂತುವನ್ನು ಸುಮ್ಮನಾಗಿಸಲಾರದಂತೆ ಮಾರ್ಪಡಿಸಿದ ಎಕ್ಸಿಸ್ಟ್ ಅನ್ನು ಗಂಡು ಇಲಿಗಳಲ್ಲಿ ತಯಾರಾಗುವಂತೆ ಮಾಡಿದರು. ಪ್ರಿಸ್ಟೇನ್ ಎಂಬ ಎಣ್ಣೆಯಂಥ ರಾಸಾಯನಿಕವನ್ನು ಚುಚ್ಚಿದಾಗ, ಲೂಪಸ್‌ಗೆ ಬೇಗ ಗುರಿಯಾಗುವ ತಳಿಯ ಈ ಗಂಡುಗಳಲ್ಲಿ ಹೆಣ್ಣುಗಳಷ್ಟೇ ತೀವ್ರವಾಗಿ ಲೂಪಸ್‌ನಂಥ ಕಾಯಿಲೆ ಕಾಣಿಸಿತು. ಲೂಪಸ್ ಮತ್ತಿತರ ಸ್ವಯಂನಿರೋಧಕ ಕಾಯಿಲೆಗಳ ರೋಗಿಗಳ ರಕ್ತದಲ್ಲಿಯೂ ಎಕ್ಸಿಸ್ಟ್‌ಗೆ ಅಂಟುವ ಪ್ರೊಟೀನುಗಳ ವಿರುದ್ಧ ಪ್ರತಿಕಾಯಗಳು ಸಿಕ್ಕವು.

ಆದರೆ ರಾಸಾಯನಿಕವನ್ನು ಚುಚ್ಚದೆ ಬಿಟ್ಟ ಇಲಿಗಳಿಗೆ ಎಕ್ಸಿಸ್ಟ್ ಇದ್ದ ಮಾತ್ರಕ್ಕೆ ರೋಗ ಬರಲಿಲ್ಲ. ಲೂಪಸ್‌ಗೆ ಸುಲಭವಾಗಿ ಮಣಿಯದ ತಳಿಯಲ್ಲಿ, ಚುಚ್ಚಿದರೂ ಪೂರ್ಣ ಪ್ರಮಾಣದ ಕಾಯಿಲೆ ತಲೆದೋರಲಿಲ್ಲ. ಎರಡು ಎಕ್ಸ್ ಇರುವ ಬಹುತೇಕ ಹೆಂಗಸರು ಜೀವಮಾನವಿಡೀ ಲೂಪಸ್ ಇಲ್ಲದೆಯೇ ಬದುಕುವುದಕ್ಕೂ ಇದಕ್ಕೂ ತಾಳೆಯಾಗುತ್ತದೆ.