ಉದುರದ ಕೋಶಗಳ ಬೆನ್ನು ಹತ್ತಿ

ಕಣ್ಣಿನ ಲೆನ್ಸ್ ಮೇಲೆ ಸಂಶೋಧನೆ ಮಾಡುತ್ತೇನೆ ಅಂದ ಕೂಡಲೇ ಎದುರಿಗಿದ್ದವರು ಕೇಳುವುದು ಒಂದೇ: 'ಪೊರೆ ಬೆಳೆಯದ ಹಾಗೆ ಔಷಧಿ ಏನಾದರೂ ಇದೆಯಾ?' ಇಲ್ಲ. ಡ್ರಾಪ್ಸ್ ಹಾಕಿದರೆ ಪೊರೆ ಕರಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಸದ್ಯಕ್ಕೆ ಆಪರೇಷನ್ನೇ ದಾರಿ. ಪೊರೆ ಅನ್ನುವ ಪದವೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಕಣ್ಣಿನ ಮೇಲೆ ಏನೋ ತೆಳ್ಳಗೆ ಹಬ್ಬಿದೆ, ಸುಲಿದು ತೆಗೆದರೆ ಆಯ್ತು ಅನ್ನಿಸುತ್ತದೆ, ಅಲ್ವಾ? ನಿಜಕ್ಕೂ ಮಂಜಾಗಿರುವುದು ಒಳಗಿನ ಲೆನ್ಸೇ.

ಹಾವು ಪೊರೆ ಬಿಡುತ್ತದೆ. ನಮ್ಮ ಚರ್ಮವೂ ದಿನಾ ಉದುರುತ್ತದೆ. ಲೆನ್ಸ್ ಏನನ್ನೂ ಬಿಡುವುದಿಲ್ಲ. ಅದರ ಸುತ್ತ ಕ್ಯಾಪ್ಸೂಲ್ ಎಂಬ ತಿಳಿಯಾದ ಚೀಲ ಇದೆ. ಹೊಸ ಕೋಶ ಬಂದರೆ ಹಳೆಯದರ ಮೇಲೇ ಕೂರಬೇಕು. ಹಾಗಾಗಿ ನಟ್ಟನಡುವಿನ ಕೋಶಗಳು ನೀವು ತಾಯಿಯ ಹೊಟ್ಟೆಯಲ್ಲಿದ್ದಾಗಿನವು. ಗ್ರೀನ್‌ಲ್ಯಾಂಡ್ ಶಾರ್ಕ್‌ಗಳ ವಯಸ್ಸನ್ನು 2016ರಲ್ಲಿ ಲೆಕ್ಕ ಹಾಕಿದ್ದು ಈ ನಡುಭಾಗದಲ್ಲಿ ಉಳಿದಿದ್ದ ರೇಡಿಯೋಕಾರ್ಬನ್‌ನಿಂದಲೇ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಶಾರ್ಕ್‌ಗೆ ಕಡಿಮೆ ಅಂದರೂ 272 ವರ್ಷ ಆಗಿತ್ತು.

ನನ್ನನ್ನು ಈ ಕೆಲಸಕ್ಕೆ ಕಟ್ಟಿಹಾಕಿದ್ದು ಲೆನ್ಸ್‌ನ ಮುಂಭಾಗದ ಒಂದೇ ಒಂದು ಪದರದ ಕೋಶಗಳು. ಅವು ಅಂಚಿನ ಹತ್ತಿರ ಒಡೆದು ಎರಡಾಗುತ್ತವೆ, ಆಮೇಲೆ ನಾರಿನ ಹಾಗೆ ಉದ್ದವಾಗುತ್ತವೆ. ಕೊನೆಗೆ ನ್ಯೂಕ್ಲಿಯಸ್, ಮೈಟೋಕಾಂಡ್ರಿಯಾ ಎಲ್ಲವನ್ನೂ ತಾವೇ ಕರಗಿಸಿಕೊಳ್ಳುತ್ತವೆ. ಬೆಳಕಿಗೆ ಏನೂ ಅಡ್ಡ ಇರಬಾರದಲ್ಲ! ಬೇರೆ ಕಡೆಯ ಕೋಶ ಇಷ್ಟು ಮಾಡಿದರೆ ಸತ್ತೇ ಹೋಗುತ್ತದೆ. ಇದು ಇನ್ನೂ ಎಷ್ಟೋ ದಶಕ ಇದ್ದಲ್ಲೇ ಇರುತ್ತದೆ.

ಉದ್ದವಾಗು ಅಂತ ಇವಕ್ಕೆ ಹೇಳುವವರು ಯಾರು? 1963ರಲ್ಲಿ ಕೂಲೊಂಬ್ರ್ ಎಂಬ ವಿಜ್ಞಾನಿ ದಂಪತಿ ಕೋಳಿ ಭ್ರೂಣದ ಲೆನ್ಸನ್ನು ಹಿಂದುಮುಂದಾಗಿ ತಿರುಗಿಸಿಟ್ಟರು. ಮುಂದಿದ್ದ ಕೋಶಗಳು ಈಗ ಕಣ್ಣಿನ ಹಿಂಭಾಗದ ಕಡೆ ಮುಖ ಮಾಡಿದವು, ಮಾಡಿದ್ದೇ ನಾರಾಗತೊಡಗಿದವು. ಅಂದರೆ ಅಪ್ಪಣೆ ಬರುವುದು ಹಿಂದಿನಿಂದ. 1989ರಲ್ಲಿ ಸಿಡ್ನಿಯ ಮ್ಯಾಕ್‌ಅವೊಯ್ ಮತ್ತು ಚೇಂಬರ್ಲೇನ್ ಇಲಿಯ ಲೆನ್ಸ್ ಕೋಶಗಳಿಗೆ ಎಫ್‌ಜಿಎಫ್ ಎಂಬ ಪ್ರೋಟೀನ್ ಹಾಕಿ ನೋಡಿದರು. ಸ್ವಲ್ಪ ಹಾಕಿದರೆ ಕೋಶಗಳ ಸಂಖ್ಯೆ ಹೆಚ್ಚಿತು. ಇನ್ನಷ್ಟು ಹಾಕಿದರೆ ಜಾಗ ಬಿಟ್ಟು ಸರಿದವು. ಜಾಸ್ತಿ ಹಾಕಿದಾಗ ನಾರಾದವು. ಒಂದೇ ಪ್ರೋಟೀನ್, ಬದಲಾಗಿದ್ದು ಪ್ರಮಾಣ ಮಾತ್ರ. ಇದನ್ನು ಓದಿದ ದಿನ ನಾನೂ ಇದನ್ನೇ ಮಾಡಬೇಕು ಅನ್ನಿಸಿತ್ತು.

ಮಾಡಲು ಕೂತಾಗ ಗೊತ್ತಾಯಿತು ಕಷ್ಟ. ಮೈಕ್ರೋಸ್ಕೋಪ್ ಕೆಳಗೆ, ಎರಡು ಚೂಪು ಚಿಮಟಗಳಲ್ಲಿ ಕ್ಯಾಪ್ಸೂಲನ್ನು ಹಿಂದಿನಿಂದ ಸೀಳಿ, ಹೂವಿನ ಎಸಳಿನ ಹಾಗೆ ಬಿಡಿಸಿ ಡಿಶ್‌ಗೆ ಅಂಟಿಸಬೇಕು. ಕೈ ಸ್ವಲ್ಪ ನಡುಗಿದರೂ ಅದು ಸುರುಳಿ ಸುತ್ತಿಕೊಳ್ಳುತ್ತದೆ. ಮೊದಲ ವರ್ಷ ಒಂದು ದಿನ, ಮರಿ ಇಲಿಯ ಲೆನ್ಸ್‌ಗಳು ಕೆಡದಿರಲಿ ಅಂತ ಐಸ್ ಮೇಲಿಟ್ಟು ಹೋಗಿದ್ದೆ. ಬಂದು ನೋಡಿದರೆ ಎಲ್ಲದರ ನಡುವೆ ಬೆಳ್ಳಗೆ ಒಂದು ಗುಂಡು! ಬೆಳಗಿನಿಂದ ಮಾಡಿದ್ದೆಲ್ಲ ಹಾಳಾಯಿತು ಅಂದುಕೊಂಡೆ. ಡಿಶ್ ಸುಮ್ನೆ ಮೇಜಿನ ಮೇಲೆ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ಬೆಚ್ಚಗಾಗಿ ಬಿಳಿ ಕರಗಿ ಮತ್ತೆ ತಿಳಿಯಾಯಿತು. ಇದಕ್ಕೆ ಕೋಲ್ಡ್ ಕ್ಯಾಟರಾಕ್ಟ್ ಅಂತ ಹೆಸರೇ ಇದೆ ಅನ್ನೋದು ನನಗೆ ಆಗ ಗೊತ್ತಿರಲಿಲ್ಲ. ತಂಪಿಗೆ ಗ್ಯಾಮಾ ಕ್ರಿಸ್ಟಲಿನ್ ಪ್ರೋಟೀನ್ ಗುಂಪು ಕಟ್ಟುತ್ತದೆ, ಬಿಸಿಗೆ ಬಿಡಿಸಿಕೊಳ್ಳುತ್ತದೆ.

ವಯಸ್ಸಾದ ಮೇಲಿನ ಪೊರೆ ಹೀಗೆ ಬಿಡಿಸಿಕೊಳ್ಳುವುದಿಲ್ಲ. ಅಲ್ಲಿ ಪ್ರೋಟೀನ್‌ಗಳು ಕೆಟ್ಟು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕೆಡುತ್ತಿರುವ ಪ್ರೋಟೀನನ್ನು ಲೆನ್ಸ್‌ನದೇ ಇನ್ನೊಂದು ಪ್ರೋಟೀನ್ ಆದ ಆಲ್ಫಾ ಕ್ರಿಸ್ಟಲಿನ್ ಹಿಡಿದಿಟ್ಟು ಗುಂಪು ಕಟ್ಟದಂತೆ ತಡೆಯುತ್ತದೆ ಅಂತ 1992ರಲ್ಲಿ ಜೋಸೆಫ್ ಹಾರ್ವಿಟ್ಜ್ ತೋರಿಸಿದರು. ಆದರೆ ನ್ಯೂಕ್ಲಿಯಸ್ ಕಳೆದುಕೊಂಡ ಕೋಶ ಹೊಸ ಆಲ್ಫಾ ಕ್ರಿಸ್ಟಲಿನ್ ಎಲ್ಲಿಂದ ತರಬೇಕು? ಇದ್ದದ್ದು ಖರ್ಚಾದರೆ ಮುಗಿಯಿತು.

ಈಗ ನನ್ನ ಹೆಚ್ಚಿನ ಹೊತ್ತು ಹೋಗುವುದು ಆಪರೇಷನ್ ಆದ ಮೇಲಿನ ಕಥೆಗೆ. ಕೆಲವರಿಗೆ ತಿಂಗಳೋ ವರ್ಷವೋ ಕಳೆದ ಮೇಲೆ ಮತ್ತೆ ಮಂಜು ಕಾಣುತ್ತದೆ. 'ಪೊರೆ ಮತ್ತೆ ಬಂತು' ಅನ್ನುತ್ತಾರೆ. ಬಂದಿಲ್ಲ. ಸರ್ಜನ್ ಚೀಲ ಉಳಿಸಿಕೊಂಡು ಒಳಗಿನ ಮಂಜಾದ ಲೆನ್ಸನ್ನು ಎಷ್ಟೇ ಚೊಕ್ಕಟವಾಗಿ ತೆಗೆದು ಕೃತಕ ಲೆನ್ಸ್ ಇಟ್ಟರೂ ಆ ಮುಂಭಾಗದ ಕೋಶಗಳು ಒಂದಷ್ಟು ಚೀಲದಲ್ಲಿ ಉಳಿಯುತ್ತವೆ. ಅವು ಚೀಲದ ಹಿಂದಿನ ಗೋಡೆಗೆ ತೆವಳಿ ಹೋಗುತ್ತವೆ. ಟಿಜಿಎಫ್-ಬೀಟಾ ಎಂಬ ಪ್ರೋಟೀನ್ ಸಿಕ್ಕಿದರೆ ಸ್ನಾಯುವಿನ ಗುಣ ಪಡೆದು ಗೋಡೆಯನ್ನು ಎಳೆದು ಸುಕ್ಕು ಮಾಡುತ್ತವೆ. ಡಾಕ್ಟರು ಯಾಗ್ ಲೇಸರ್‌ನಿಂದ ಅಲ್ಲೊಂದು ಕಿಂಡಿ ತೆಗೆದರೆ ದೃಷ್ಟಿ ತಿಳಿಯಾಗುತ್ತದೆ.

ಕೃತಕ ಲೆನ್ಸ್‌ನ ಅಂಚನ್ನು ಚೂಪಾಗಿ ಮಾಡಿದಾಗಿನಿಂದ ಈ ಕಾಟ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ನಿಲ್ಲದಿರುವುದು ಯಾಕೆ ಅಂತ ಡಿಶ್‌ನಲ್ಲಿ ನೋಡಿದರೆ ತಿಳಿಯುತ್ತದೆ. ದಾನಿಯ ಕಣ್ಣಿನಿಂದ ತೆಗೆದ ಖಾಲಿ ಚೀಲಕ್ಕೆ, ಕೋಶ ಬೆಳೆಸಲು ಹಾಕುವ ಸೀರಮ್ ಕೂಡ ಹಾಕದೆ ಇಟ್ಟರೂ, ಉಳಿದ ಬೆರಳೆಣಿಕೆಯ ಕೋಶಗಳು ಕಾಲು ಚಾಚಿಕೊಂಡು ಖಾಲಿ ಜಾಗದ ಕಡೆ ಹೊರಟಿರುತ್ತವೆ. ದಾನಿಗೆ ಎಷ್ಟೇ ವಯಸ್ಸಾಗಿರಲಿ.